ಬಿಚ್ಚದ ಎಂಜಿನ್

ಫೀನಾ ಹೆಬ್ಬೆರಳಿನ ಉಗುರಿನಿಂದ ಇನ್ನೊಮ್ಮೆ ಕೆರೆದಳು. ಬೂದು ಬಣ್ಣದ ಸಿಪ್ಪೆ ಎದ್ದು ಬಂತು. ಅದರಡಿಯಲ್ಲಿ ಹಳದಿ ಗೆರೆ.

ಅವಳು ಪಕ್ಕದ ನಟ್ಟನ್ನೂ ಕೆರೆದಳು.

ಒಂದು ನಟ್ಟಿನ ಮೇಲಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆ ಸಾಲಿನಲ್ಲಿ ಕೈಗೆ ಸಿಕ್ಕ ನಟ್ಟುಗಳ ಮೇಲೆಲ್ಲ ಅದೇ ಗೆರೆ. ಎಂಜಿನ್ನಿನ ಒಡಲಿನ ಎರಡು ಹೋಳುಗಳನ್ನು ಬಿಗಿದ ಮೇಲೆ ನಟ್ಟಿನಿಂದ ಒಡಲಿನವರೆಗೆ ಅರಗಿನಂಥ ಬಣ್ಣದಲ್ಲಿ ಎಳೆಯುವ ಗೆರೆ ಅದು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಮುರಿದು ಹೋಗಬೇಕು. ಹಾಗೆ ಮುರಿಯಲೆಂದೇ ಎಳೆಯುವುದು. ಈ ಗೆರೆಗಳು ವರ್ಷಗಟ್ಟಲೆ ಎಣ್ಣೆಯನ್ನೂ ಬಿಸಿಯನ್ನೂ ಕುಡಿದು ಕಂದಿಹೋಗಿದ್ದವು. ಆದರೆ ಒಂದೂ ಮುರಿದಿರಲಿಲ್ಲ.

ಅಂದರೆ, ಹೋದ ಬೇಸಿಗೆಯಲ್ಲಿ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ್ದೆಂದು ಹಿತ್ತಾಳೆಯ ಫಲಕ ಹೊತ್ತು ಮೆರೆಯುತ್ತಿದ್ದ ಈ ಎಂಜಿನ್ನನ್ನು ಯಾರೂ ಬಿಚ್ಚಿಯೇ ಇರಲಿಲ್ಲ. ಹಳೆಯ ಎಂಜಿನ್ನಿನ ಮೇಲೆ ಬಣ್ಣ ಹೊಡೆದಿದ್ದರು, ಅಷ್ಟೇ.

ಇದೇ ಎಂಜಿನ್ನು ಹೊತ್ತಿದ್ದ ಟೋರ್ವಿಕ್ ಏರ್‌ನ ಪುಟ್ಟ ವಿಮಾನ ನುನಾಪಿಕ್ ಊರಿನಾಚೆಯ ಕೆರೆಯಲ್ಲಿ ಬಿದ್ದು, ಪೈಲಟ್ ಗ್ಯಾರೆಟ್ ಮತ್ತು ಊರಿನ ಇಬ್ಬರು ಹೆಂಗಸರು ಸತ್ತಿದ್ದರು. ಕಾರಣ ಹುಡುಕಿ ಬಾ ಎಂದು ವಿಮಾ ಕಂಪನಿ ಕಳಿಸಿದ್ದು ಫೀನಾಳನ್ನು, ಅಗ್ರಫೀನಾ ನಿಕೊಲಾಯ್‌ಳನ್ನು. ಈ ನದಿ ಸೀಮೆಯವಳೇ. ಒಂದು ಕಾಲಕ್ಕೆ ಸೈನ್ಯದ ಹೆಲಿಕಾಪ್ಟರುಗಳ ಎಂಜಿನ್ ಬಿಚ್ಚಿ ಕಟ್ಟಿದವಳು. ಕೆರೆಯ ತಳ ಸೇರಿದ್ದ ಎಂಜಿನ್ನನ್ನು ಊರಿನ ಗಂಡಸರು ಮೊನ್ನೆಯಷ್ಟೇ ಮಂಜುಗಡ್ಡೆ ಕೊರೆದು ಮೇಲೆತ್ತಿದ್ದರು. ಟೋರ್ವಿಕ್ ಕಂಪನಿಯವರು ತಡಮಾಡದೆ ಅದನ್ನು ಒಯ್ಯಲು ಟ್ರಕ್ಕು ತಂದಿದ್ದರು.

ಆ ಟ್ರಕ್ಕಿನ ಹಿಂಬದಿಯಲ್ಲಿ, ಟಾರ್ಪಾಲಿನಡಿಯಲ್ಲಿ, ಫೀನಾ ಹೊಟ್ಟೆಯ ಮೇಲೆ ಮಲಗಿದ್ದಳು. ಚಳಿಗೆ ಕಟ್ಟಿಹೋಗದಿರಲೆಂದು ಟ್ರಕ್ಕನ್ನು ಆರಿಸದೆ ಬಿಟ್ಟಿದ್ದರು. ಅದು ಗುರುಗುಡುತ್ತ ನಡುಗುತ್ತಿತ್ತು. ಊರಿಗೆ ಊರೇ ಸತ್ತವರ ನಲವತ್ತನೆಯ ದಿನದ ಊಟಕ್ಕೆ ಇಗರ್ಜಿಯ ಹಜಾರ ಸೇರಿತ್ತು. ಕೂಗಿದರೆ ಕೇಳುವವರು ಯಾರೂ ಇರಲಿಲ್ಲ.

ಅವಳು ಫೋನಿನಲ್ಲಿ ಗೆರೆಗಳ ಫೋಟೋ ತೆಗೆದಳು. ಒಡಲಿನ ಪಕ್ಕದಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ತೂತು. ಒಳಗಿನ ಕಬ್ಬಿಣದ ತೋಳೊಂದು ಸವೆದು ಮುರಿದು ಅಲ್ಲಿಂದ ಹೊರಗೆ ಒದ್ದು ಬಂದಿತ್ತು. ಗ್ಯಾರೆಟ್ ಆ ಸದ್ದು ಕೇಳಿರುತ್ತಾನೆ. ಆಮೇಲೆ ಮೌನವನ್ನೂ.

"ಹುಡುಕ್ತಿದ್ದಿದ್ದು ಸಿಕ್ತಾ?"

ಟಾರ್ಪಾಲಿನ ಅಂಚು ಮೇಲೆದ್ದಿತು. ಬರ್ಲ್ ಹ್ಯಾಸ್ಕೆಟ್ ನಿಂತಿದ್ದ. ಟೋರ್ವಿಕ್ ಏರ್‌ನ ಮೆಕ್ಯಾನಿಕ್ಕುಗಳಿಗೆಲ್ಲ ಹಿರಿಯ. ಅವನ ಗಡ್ಡದ ತುಂಬ ಹಿಮದ ಹರಳು. ಕೈಯಲ್ಲಿ ಸರಪಳಿ ಬಿಗಿಯುವ ಕಬ್ಬಿಣದ ಸರಳು.

ಫೀನಾ ಟಾರ್ಪಾಲು ಸರಿಸಿದಳು. ಎದ್ದು ಕೂತಳು.

"ಸಿಕ್ತು, ಬರ್ಲ್. ನಿಂಗೂ ಗೊತ್ತಿತ್ತಲ್ಲ, ಇಲ್ಲೇನಿದೆ ಅಂತ?"

"ಕೆಳಗಿಳಿ. ಇದು ಕಂಪನಿ ಮಾಲು."

"ಮೂರು ಜನರನ್ನ ಕೊಂದಿರೋ ಮಾಲು."

"ಇಳಿ ಅಂದೆ."

ಅವಳು ಇಳಿದಳು. ಅವನು ಜಾಗ ಬಿಡಲಿಲ್ಲ. ಬೆನ್ನಿಗೆ ಟ್ರಕ್ಕು, ಎದುರಿಗೆ ಅವನು. ಉಸಿರಾಡಿದರೆ ಅವನ ಕೋಟಿನ ಪೆಟ್ರೋಲು ವಾಸನೆ ಬರುವಷ್ಟು ಹತ್ತಿರ. ಎಡಕ್ಕೆ ಹೆಪ್ಪುಗಟ್ಟಿದ ನದಿ. ಮಂಜಿನಲ್ಲಿ ಆಚೆ ದಡವೇ ಇಲ್ಲ. ಬಲಕ್ಕೆ ವಿಮಾನ ಇಳಿಯುವ ಪಟ್ಟಿಯ ಏರಿ.

"ಆ ಫೋನು ಕೊಡು," ಅಂದ.

"ಕೊಡ್ತೀನಿ. ಮೊದ್ಲು ಒಂದು ಹೇಳು. ಫಲಕದ ಮೇಲೆ 'ಬಿಚ್ಚಿ ಕಟ್ಟಿದ್ದು' ಅಂತ ಇದೆ. ಬಿಚ್ಚಿದ್ದು ಯಾರು? ದೇವದೂತರಾ? ಒಂದು ಗೆರೆನೂ ಮುರೀದೆ ಬಿಚ್ಚೋ ವಿದ್ಯೆ ನಂಗೂ ಕಲಿಸು ಮಾರಾಯ, ಪುಣ್ಯ ಬರುತ್ತೆ."

ಮಾತಾಡುತ್ತಲೇ ಅವಳು ಫೋನನ್ನು ಜೇಬಿಗಿಳಿಸಿದಳು. ಬರ್ಲ್ ಅದನ್ನು ಗಮನಿಸಿದ.

"ನಿಮ್ಮಣ್ಣ ಬೇಟೆಗೆ ಹೋಗ್ತಾನಲ್ಲ, ತನ್ನ ವಿಮಾನದಲ್ಲಿ," ಅಂದ ಬರ್ಲ್. "ಅದರ ಎಂಜಿನ್ನು ಓಡ್ಬೇಕಾದ ಗಂಟೆ ಮೀರಿ ಎಷ್ಟು ವರ್ಷ ಆಯ್ತು? ಯಾರಾದ್ರೂ ಕೇಳ್ತಾರಾ? ಇಲ್ಲ. ಅದೇ ಥರದ ಎಂಜಿನ್ನು, ಅದೇ ಆಕಾಶ. ನಾವು ಟಿಕೆಟ್ಟು ಹರಿದ್ವಿ ಅಂದ ತಕ್ಷಣ ಮಿತಿ ಹುಟ್ಕೊಳುತ್ತೆ. ಇಷ್ಟು ಗಂಟೆ ಓಡ್ತು, ಬಿಚ್ಚು. ಚೆನ್ನಾಗಿ ಓಡ್ತಿದ್ರೂ ಬಿಚ್ಚು. ಅದೆಲ್ಲ ಕಾಗದದ ಮೇಲಿನ ಲೆಕ್ಕ ಫೀನಾ."

"ಈ ಮಾತು ನಿಂದಲ್ಲ. ನಿಮ್ಮ ಧಣಿ ಲೆಲಂಡ್‌ದು."

ಅವನು ಸರಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ನಮ್ಮಣ್ಣ ಸಾಯೋದಾದ್ರೆ ತನ್ನ ಖುಷಿಗೆ ಸಾಯ್ತಾನೆ. ಅವನ ಎಂಜಿನ್ನಿನ ವಯಸ್ಸು ಅವನಿಗೆ ಗೊತ್ತು. ಆದ್ರೆ ನಿಮ್ಮ ಏಜೆಂಟು ಪೆಲಗೇಯಾಳ ತಂಗಿ? ಹಲ್ಲು ಕೀಳಿಸ್ಕೊಂಡು ಬರ್ತೀನಿ ಅಂತ ಹೋದ್ಲು. ಟಿಕೆಟ್ಟು ಕೊಂಡ್ಲು, ಕೂತ್ಲು. ಎಂಜಿನ್ನಿಗೆ ಎಷ್ಟು ವಯಸ್ಸು ಅಂತ ಅವಳು ಕೇಳ್ಬೇಕಿತ್ತಾ? ಅವಳ ಪರವಾಗಿ ಕೇಳ್ಬೇಕಾಗಿದ್ದವನು ನೀನು ಬರ್ಲ್."

ಸರಳು ಹಿಡಿದ ಕೈ ಮೇಲೇಳುತ್ತದೆಂದು ಅವಳು ಕಾದಳು. ಓಡಿದರೆ ನದಿಯ ಕಡೆಗೇ ಓಡಬೇಕು. ಹಿಮದಲ್ಲಿ ಹತ್ತು ಮಾರು ಹೋಗುವುದರೊಳಗೆ ಇವನು ಹಿಡಿಯುತ್ತಾನೆ.

ಅಷ್ಟರಲ್ಲಿ ಮಂಜಿನೊಳಗಿಂದ ಸದ್ದು ಬಂತು. ವಿಮಾನ. ಏರಿಯ ಆಚೆ ಚಕ್ರಗಳು ಗರಸು ಮುಟ್ಟಿದ್ದು ಕೇಳಿಸಿತು. ಹೆಣ್ಣುಮಕ್ಕಳ ಕೇಕೆ. ಬೆತೆಲ್ ಪಟ್ಟಣದ ಪಂದ್ಯಕ್ಕೆ ಹೊರಟಿದ್ದ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡ ಬೆಳಿಗ್ಗೆಯಿಂದ ಚೀಲ ಕಟ್ಟಿಕೊಂಡು ಕಾಯುತ್ತಿತ್ತು. ಫೀನಾಳ ಅಕ್ಕನ ಮಗಳು ಲೂಶಾ ಕೂಡ ಆ ತಂಡದಲ್ಲಿದ್ದಳು. ಆದರೆ ಈ ಸರದಿಗೆ ಸೀಟಿಲ್ಲವೆಂದು ಮುಖ ಊದಿಸಿಕೊಂಡಿದ್ದಳು.

ಬರ್ಲ್‌ನ ಮುಖ ಸ್ವಲ್ಪ ಸಡಿಲವಾಯಿತು.

"ನನ್ನ ಮಗಳು," ಅಂದ. "ಡೆಲ್ಲಾ. ಹಸಿರು ಬಾಲದ ವಿಮಾನ ಹಾರಿಸ್ಕೊಂಡು ಬಂದಿರ್ತಾಳೆ. ಅದನ್ನ ನಾನೇ ಬಿಚ್ಚಿದ್ದು. ಈ ಕೈಯಲ್ಲಿ. ಅದರಲ್ಲಿ ಒಂದು ತಿರುಪೂ ಸುಳ್ಳಲ್ಲ."

ಫೀನಾ ಅವನ ಮುಖವನ್ನೇ ನೋಡಿದಳು.

"ಹಾಗಾದ್ರೆ ಯಾವುದರಲ್ಲಿ ಸುಳ್ಳಿದೆ ಅಂತ ನಿಂಗೆ ಗೊತ್ತು."

ಗಾಳಿ ಟಾರ್ಪಾಲನ್ನು ಪಟಪಟ ಬಡಿಯಿತು. ಅವನು ಎಂಜಿನ್ನಿನ ಕಡೆ ತಿರುಗಿ ಆ ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿದ. ಮತ್ತೆ ಮಾತಾಡಿದಾಗ ಧ್ವನಿ ಬೇರೆಯಾಗಿತ್ತು.

"ಎರಡಿದ್ವು."

"ಏನು ಎರಡು?"

"ಹೊರಗಿನ ವರ್ಕ್‌ಶಾಪಿಗೆ ಕಳಿಸ್ತೀನಿ ಅಂತ ಲೆಲಂಡ್ ಎರಡು ಎಂಜಿನ್ನು ಕಳಿಸ್ದ. ಎರಡೂ ಮಿತಿ ಮುಟ್ಟಿದ್ವು. ತಿರುಗಿ ಬಂದಾಗ ಹೊಸ ಬಣ್ಣ, ಹೊಸ ಫಲಕ. ನಂಗೆ ಮೊದಲ ದಿನವೇ ಅನುಮಾನ ಬಂತು. ಹೊಸದಾಗಿ ಕಟ್ಟಿದ್ದು ಹೀಗೆ ಎಣ್ಣೆ ಕಾರಲ್ಲ. ಬಿಚ್ಚಿ ನೋಡ್ತೀನಿ ಅಂದೆ. ಲೆಲಂಡ್ ಟೀ ಕುಡೀತಾ ನಕ್ಕ. 'ಬಿಚ್ಚು ಬರ್ಲ್. ಆದ್ರೆ ಅಷ್ಟು ದಿನ ಎರಡು ವಿಮಾನ ನಿಲ್ಲುತ್ತೆ. ಎರಡು ನಿಂತ್ರೆ ಇಬ್ಬರು ಪೈಲಟ್ ಮನೆಗೆ. ಹೊಸದಾಗಿ ಸೇರಿದವರು ಮೊದಲು.' ಡೆಲ್ಲಾ ಆಗತಾನೇ ಸೇರಿದ್ಲು."

"ಆದ್ರೂ ನೀನು ಸಹಿ ಹಾಕ್ದೆ."

"ಹಾಕ್ದೆ."

"ಒಂದನ್ನ ಗ್ಯಾರೆಟ್‌ಗೆ ಕೊಟ್ಟೆ."

ಅವನು ಕಣ್ಣು ಮುಚ್ಚಿಕೊಂಡ. "ಅವನು ಜಾಣ ಪೈಲಟ್ಟು. ಏನಾದ್ರೂ ಆದ್ರೆ ಎಲ್ಲಾದ್ರೂ ಇಳಿಸ್ಕೋತಾನೆ ಅಂದ್ಕೊಂಡೆ."

ಫೀನಾ ಒಂದು ಹೆಜ್ಜೆ ಮುಂದಿಟ್ಟಳು.

"ಇನ್ನೊಂದು?"

"ಕೆಂಪು ಬಾಲದ್ದಕ್ಕೆ ಹಾಕಿದ್ದು. ಗ್ಯಾರೆಟ್ ಬಿದ್ದ ದಿನವೇ ಅದನ್ನ ಶೆಡ್ಡಿಗೆ ನೂಕಿ ಪ್ರೊಪೆಲ್ಲರಿಗೆ ಸರಪಳಿ ಸುತ್ತಿ ಬೀಗ ಹಾಕ್ದೆ. ಕೀಲಿ ನನ್ನ ಹತ್ರಾನೇ ಇದೆ." ಅವನು ಎದೆಯ ಜೇಬು ಮುಟ್ಟಿಕೊಂಡ. "ಅದು ಇನ್ನು ಹಾರಲ್ಲ. ಅಷ್ಟು ಮಾತ್ರ ಮಾಡ್ದೆ. ಅದಕ್ಕಿಂತ ಹೆಚ್ಚಿನ ಧೈರ್ಯ ಬರ್ಲಿಲ್ಲ."

"ಇದನ್ನೆಲ್ಲ ಹಜಾರದಲ್ಲಿ ಬಂದು ಹೇಳ್ತೀಯಾ? ಸತ್ತವರ ಮನೆಯವರ ಎದುರು?"

"ಲೆಲಂಡ್ ಕೂತಿದಾನೆ ಅಲ್ಲಿ."

"ಅದಕ್ಕೇ ಹೇಳ್ಬೇಕು."

ಕಂಪನಿಯ ಧಣಿ ಲೆಲಂಡ್ ಟೋರ್ವಿಕ್ ಬೆಳಿಗ್ಗೆ ಇದೇ ಟ್ರಕ್ಕಿನಲ್ಲಿ ಬರ್ಲ್‌ನ ಪಕ್ಕ ಕೂತು, ಹೆಪ್ಪುಗಟ್ಟಿದ ನದಿಯ ಮೇಲೆ ಹಿಮ ಗುಡಿಸಿ ಮಾಡಿದ ದಾರಿಯಲ್ಲಿ ಬಂದಿದ್ದ. ಯಾರ ಮನೆಯಲ್ಲಿ ಸಾವಾದರೂ ನೆಂಟರಿಗೆ ಬಿಟ್ಟಿ ಟಿಕೆಟ್ಟು ಕೊಡುವವನು. ಮುದುಕಿಯರು ಅವನ ಕೆನ್ನೆ ಸವರಿ ಸಾಲ್ಮನ್ ಸಾರಿನ ಬಟ್ಟಲನ್ನು ಮೊದಲು ಅವನ ಮುಂದಿಟ್ಟಿದ್ದನ್ನು ಫೀನಾ ಕಣ್ಣಾರೆ ಕಂಡು ಬಂದಿದ್ದಳು.

ಹಿಮದ ಬೈಕೊಂದು ಗರ್ರೆಂದು ಏರಿಯಿಂದ ಇಳಿದು ಬಂತು. ಪೆಲಗೇಯಾ. ಊರಿನಲ್ಲಿ ಟೋರ್ವಿಕ್ ಏರ್‌ನ ಏಜೆಂಟು. ವಿಮಾನ ಬಂದಾಗ ಸಾಮಾನು ಇಳಿಸುವುದು, ಜನ ಹತ್ತಿಸುವುದು ಅವಳ ಕೆಲಸ. ತಂಗಿ ಸತ್ತ ಮೇಲೂ ಬಿಟ್ಟಿರಲಿಲ್ಲ. ಎದೆಗೆ ವಿಮಾನದ ರೇಡಿಯೋ ತೂಗುಹಾಕಿಕೊಂಡಿದ್ದಳು.

"ಏನ್ರೀ ಇಬ್ಬರೂ, ಊಟ ಬಿಟ್ಟು ಇಲ್ಲಿ ಗಾಳಿ ತಿಂತಿದೀರಾ?" ಅಂದಳು. "ಬರ್ಲಣ್ಣಾ, ನಿನ್ನ ಮಗಳು ಎಂಜಿನ್ ಆರಿಸ್ಲೇ ಇಲ್ಲ, ಹತ್ತಿ ಹತ್ತಿ ಅಂತ ಗಡಿಬಿಡಿ. ಅಪ್ಪನಿಗೆ ಮುತ್ತು ಕೊಟ್ಟೆ ಅಂತ ಹೇಳು ಅಂದ್ಲು. ಆ ಗಡ್ಡಕ್ಕೆ ನನ್ ಕೈಲಾಗಲ್ಲಮ್ಮ ಅಂದೆ." ಅವಳು ಫೀನಾಳ ಕಡೆ ತಿರುಗಿದಳು. "ನಿಮ್ಮ ಲೂಶಾನೂ ಹೊರಟ್ಲು ಕಣೇ. ಕುಣಿದಾಡ್ಕೊಂಡು ಹತ್ತಿದ್ಲು."

"ಸೀಟಿಲ್ಲ ಅಂದಿದ್ರಲ್ಲ?"

"ಲೆಲಂಡ್ ತನ್ನ ಸೀಟು ಬಿಟ್ಟುಕೊಟ್ಟ. ದೊಡ್ಡ ಮನುಷ್ಯ. ವಿಮಾನದಲ್ಲಿ ವಾಪಸ್ ಹೋಗೋನು, ಬಾಗಿಲವರೆಗೂ ಬಂದ, ಒಳಗೆ ತಲೆ ಹಾಕಿ ಡೆಲ್ಲಾ ಹತ್ರ ಏನೋ ಮಾತಾಡ್ದ, ಆಮೇಲೆ 'ಮಕ್ಕಳೆಲ್ಲ ಒಟ್ಟಿಗೆ ಹೋಗ್ಲಿ, ನಾನು ಟ್ರಕ್ಕಲ್ಲೇ ಬರ್ತೀನಿ' ಅಂದ."

ಏರಿಯ ಆಚೆ ಎಂಜಿನ್ನಿನ ಸದ್ದು ಏರತೊಡಗಿತು.

"ಪಾಪ, ಹುಡುಗಿಗೆ ಬೆಳಿಗ್ಗೆಯಿಂದ ತಾಪತ್ರಯ," ಪೆಲಗೇಯಾ ಇನ್ನೂ ಹೇಳುತ್ತಲೇ ಇದ್ದಳು. "ಹಸಿರುದ್ದು ಚಳಿಗೆ ಸ್ಟಾರ್ಟೇ ಆಗ್ಲಿಲ್ವಂತೆ. ಲೆಲಂಡ್‌ಗೆ ಫೋನ್ ಮಾಡಿದ್ರೆ, ಬೀಗ ಒಡೆದು ಕೆಂಪುದ್ದು ತಗೊಂಡ್ ಹೋಗು ಅಂದನಂತೆ."

ಬರ್ಲ್‌ನ ಕೈಯಿಂದ ಸರಳು ಜಾರಿ ಹಿಮದಲ್ಲಿ ಸದ್ದಿಲ್ಲದೆ ಹೂತುಹೋಯಿತು.

ಅವನು ಓಡಿದ. ಆ ಭಾರದ ಮೈ ಹೊತ್ತು ಏರಿಯನ್ನು ಕೈಕಾಲು ಊರಿ ಹತ್ತಿದ. ಫೀನಾ ಪೆಲಗೇಯಾಳ ತೋಳು ಹಿಡಿದೆಳೆದುಕೊಂಡು ಹಿಂದೆಯೇ ಓಡಿದಳು. ಏರಿಯ ತುದಿ ಮುಟ್ಟಿದಾಗ ವಿಮಾನ ಅವರ ಮುಂದಿನಿಂದಲೇ ಧಾವಿಸಿ ಹೋಯಿತು. ಕಿಟಕಿಗಳಲ್ಲಿ ಟೋಪಿ ಹಾಕಿದ ಪುಟ್ಟ ತಲೆಗಳು. ಯಾರೋ ಕೈ ಬೀಸಿದರು. ಆಮೇಲೆ ಕೆಂಪು ಬಾಲ. ಚಕ್ರಗಳು ನೆಲ ಬಿಟ್ಟವು. ಮಂಜು ಅದನ್ನು ನುಂಗಿತು.

ಉಳಿದದ್ದು ಸದ್ದು ಮಾತ್ರ. ಫೀನಾ ಹುಟ್ಟಿದಾಗಿನಿಂದ ಕೇಳಿದ ಸದ್ದು. ಜಾತ್ರೆ, ಆಸ್ಪತ್ರೆ, ಮದುವೆ, ಎಲ್ಲದಕ್ಕೂ ಈ ವಿಮಾನಗಳೇ ಬಸ್ಸು. ಕಿವಿಗೊಟ್ಟು ಕೇಳಿದ್ದೇ ಇಲ್ಲ. ಈಗ ಒಂದೊಂದು ಬಡಿತವೂ ಅವಳ ಹಲ್ಲಿನ ಬುಡಕ್ಕೆ ತಾಗುತ್ತಿತ್ತು. ಈ ಬಡಿತದ ನಂತರ ಇನ್ನೊಂದು ಇದೆಯೆ? ಇದೆ. ಇನ್ನೊಂದು?

ಬರ್ಲ್ ರೇಡಿಯೋ ಕಿತ್ತುಕೊಂಡ.

"ಡೆಲ್ಲಾ. ಅಪ್ಪ. ಕೇಳಿಸ್ತಿದ್ಯಾ?"

"ಕೇಳಿಸ್ತಿದೆ. ಏನಪ್ಪಾ, ಮುತ್ತು ತಲುಪಲಿಲ್ವಾ?" ಹಿಂದಿನಿಂದ ಹುಡುಗಿಯರ ಹಾಡು.

"ಥ್ರಾಟಲ್ ಮುಟ್ಬೇಡ. ಈಗ ಎಲ್ಲಿದೆಯೋ ಅಲ್ಲೇ ಬಿಡು. ತಿರುಗಿಸ್ಬೇಡ, ವಾಪಸ್ ಬರೋಕೆ ನೋಡ್ಬೇಡ. ನೇರ ನದಿ ಹಿಡಿ, ಮಂಜುಗಡ್ಡೆ ಮೇಲಿನ ದಾರಿಯಲ್ಲಿ ಇಳಿಸು."

"ಏನು? ಯಾಕೆ?"

"ಹೇಳಿದಷ್ಟು ಮಾಡು."

"ಅಪ್ಪಾ, ಹಿಂದೆ ಮಕ್ಕಳಿದಾರೆ. ಕಾರಣ ಹೇಳ್ದೆ ನದಿ ಮೇಲೆ ಇಳಿಸಲ್ಲ ನಾನು. ಏನಾಯ್ತು ಹೇಳು."

ಬರ್ಲ್ ರೇಡಿಯೋ ಕೆಳಗಿಳಿಸಿದ. ಅವನು ಪೆಲಗೇಯಾಳನ್ನು ನೋಡಿದ. ಅವಳು ಏನೂ ಅರ್ಥವಾಗದೆ ಇಬ್ಬರ ಮುಖ ನೋಡುತ್ತಿದ್ದಳು. ವಿಮಾನ ಬರುವ ಹೊತ್ತು ತಿಳಿಯಲಿಕ್ಕೆ ಊರಿನ ಪ್ರತಿ ಮನೆಯಲ್ಲೂ, ಇಗರ್ಜಿಯ ಹಜಾರದಲ್ಲೂ, ಇದೇ ಚಾನೆಲ್ಲು ಹಾಕಿಟ್ಟಿರುತ್ತಾರೆ. ಅದು ಅವನಿಗೂ ಗೊತ್ತು.

"ಹೇಳು ಬರ್ಲ್," ಫೀನಾ ಪಿಸುಗುಟ್ಟಿದಳು. "ಹೇಳ್ದೆ ಅವಳು ಇಳಿಯಲ್ಲ."

"ಆ ಎಂಜಿನ್ನು..." ಅವನು ಉಗುಳು ನುಂಗಿದ. "ಅದನ್ನ ಬಿಚ್ಚಿಲ್ಲ ಮಗಳೇ. ಮಿತಿ ದಾಟಿ ಹೋಗಿದೆ. ಮೇಲೆ ಬಣ್ಣ ಹೊಡೆದು ಬೇರೆ ಫಲಕ ಕೂರಿಸಿದಾರೆ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕ್ದೆ."

ರೇಡಿಯೋದಲ್ಲಿ ಹುಡುಗಿಯರ ಹಾಡು ನಿಂತುಹೋಗಿತ್ತು.

ಆಮೇಲೆ ಡೆಲ್ಲಾಳ ಧ್ವನಿ ಬಂತು. ತುಂಬ ಮೆಲ್ಲಗೆ.

"ಗ್ಯಾರೆಟ್‌ದೂ?"

"ಹೌದು."

ಪೆಲಗೇಯಾ ಹಿಮದಲ್ಲಿ ಕುಸಿದು ಕೂತಳು. ಅಳಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬರ್ಲ್‌ನ ಬೂಟುಗಳನ್ನೇ ನೋಡುತ್ತ ಕೂತಳು. ದೂರದಲ್ಲಿ ಹಜಾರದ ಬಾಗಿಲು ದಢಾರನೆ ತೆರೆಯಿತು. ಯಾರೋ ಹೆಂಗಸು ಕಿರುಚಿದಳು. ಜನ ಅಂಗಿಯ ಮೇಲೆ ಕೋಟೂ ಇಲ್ಲದೆ ಹೊರಗೆ ನುಗ್ಗುತ್ತಿದ್ದರು.

"ಅಪ್ಪಾ, ಎಣ್ಣೆ ಒತ್ತಡದ ಮುಳ್ಳು ಬೆಳಿಗ್ಗೆಯಿಂದ ಕುಣೀತಿದೆ," ಡೆಲ್ಲಾ ಅಂದಳು. ಈಗ ಅವಳ ಧ್ವನಿ ಪೈಲಟ್‌ಳದ್ದು, ಮಗಳದ್ದಲ್ಲ. "ಲೆಲಂಡ್‌ಗೆ ತೋರಿಸ್ದೆ, ಈಗ ಹತ್ತೋಕೆ ಬಂದಾಗ. ಮುಳ್ಳೇ ಕೆಟ್ಟಿದೆ ಅಂದ."

ಪೆಲಗೇಯಾ ಹೇಳಿದ್ದು ಫೀನಾಳಿಗೆ ಈಗ ಅರ್ಥವಾಯಿತು. ಲೆಲಂಡ್ ಒಳಗೆ ತಲೆ ಹಾಕಿದ. ಮುಳ್ಳು ನೋಡಿದ. ಆಮೇಲೆ ನಗುನಗುತ್ತ ತನ್ನ ಸೀಟನ್ನು ಒಬ್ಬ ಹುಡುಗಿಗೆ ಬಿಟ್ಟುಕೊಟ್ಟ.

"ಈಗ ಮುಳ್ಳು ಎಲ್ಲಿದೆ?" ಬರ್ಲ್ ಕೇಳಿದ.

"ಕೆಳಗೆ. ಕೆಂಪಲ್ಲಿ."

"ಹಾಗೇ ಬಿಡು. ಏನೂ ಮುಟ್ಬೇಡ. ಇಳೀತಾ ಬಾ. ಗುಡಿಸಿರೋ ದಾರಿ ಬಿಟ್ಟು ಬೇರೆಲ್ಲೂ ಇಳಿಸ್ಬೇಡ, ಮಿಕ್ಕಿದ್ದೆಲ್ಲ ಗಡ್ಡೆ ಎದ್ದಿದೆ, ಚಕ್ರ ಮುರಿಯುತ್ತೆ. ದಾರಿಯ ಎರಡೂ ಕಡೆ ಕಂಬ ನೆಟ್ಟಿದಾರೆ, ನೋಡ್ಕೋ."

"ಸರಿ."

ಹಿಂದೆ ಬಾಗಿಲೊಂದು ಬಡಿದ ಸದ್ದು. ಫೀನಾ ತಿರುಗಿದಳು.

ಏರಿಯ ಬುಡದಲ್ಲಿ ಟ್ರಕ್ಕು ಕದಲಿತ್ತು. ಚಾಲಕನ ಸೀಟಿನಲ್ಲಿ ನೀಲಿ ಟೋಪಿ. ಲೆಲಂಡ್ ಟೋರ್ವಿಕ್ ತಲೆಯೆತ್ತಿ ಒಮ್ಮೆ ಅವಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸು ತಪ್ಪುತ್ತದೆಂಬ ಅವಸರವಿತ್ತು, ಅಷ್ಟೇ. ಟಾರ್ಪಾಲಿನಡಿಯ ಎಂಜಿನ್ನಿನ ಸಮೇತ ಟ್ರಕ್ಕು ದಡದಿಂದ ಜಾರಿ ನದಿಗಿಳಿಯಿತು. ಕಂಬಗಳ ನಡುವಿನ ದಾರಿ ಹಿಡಿಯಿತು. ದೀಪ ಹಾಕಲಿಲ್ಲ.

"ಲೆಲಂಡ್!" ಫೀನಾ ಗಂಟಲು ಹರಿಯುವಂತೆ ಕೂಗಿದಳು. "ದಾರಿ ಬಿಡು! ವಿಮಾನ ಇಳೀತಿದೆ!"

ಟ್ರಕ್ಕು ಮಂಜಿನಲ್ಲಿ ಕರಗಿತು. ಅದರೊಳಗೂ ರೇಡಿಯೋ ಇತ್ತು. ಅವನು ಎಲ್ಲ ಕೇಳಿಸಿಕೊಂಡೇ ಹೊರಟಿದ್ದ.

ಬರ್ಲ್ ಅದನ್ನು ನೋಡಿರಲಿಲ್ಲ. ಅವನ ಕಣ್ಣು ಆಕಾಶದಲ್ಲಿತ್ತು, ಕಿವಿ ಸದ್ದಿನಲ್ಲಿ. ಎಂಜಿನ್ನಿನ ದನಿ ಒರಟಾಗುತ್ತ ಬಂತು. ನಡುನಡುವೆ ಏನೋ ಲೋಹ ಲೋಹಕ್ಕೆ ತಗುಲಿದಂತೆ ಟಕ್, ಟಕ್.

"ಕಂಬ ಕಾಣ್ತಿವೆ," ಡೆಲ್ಲಾ ಅಂದಳು. "ದಾರಿ ಸಿಕ್ತು ಅಪ್ಪಾ. ಇಳೀತಿದೀನಿ. ಮಕ್ಕಳೇ, ತಲೆ ಬಗ್ಗಿಸಿ, ಮೊಣಕಾಲು ಹಿಡ್ಕೊಳಿ. ಲೂಶಾ, ನೀನೂ."

ಫೀನಾ ಬರ್ಲ್‌ನ ಕೈಯಿಂದ ರೇಡಿಯೋ ಕಸಿದಳು. "ಡೆಲ್ಲಾ, ದಾರಿ ಮೇಲೆ ಟ್ರಕ್ಕಿದೆ! ದೀಪ ಇಲ್ಲ! ಲೆಲಂಡ್, ನಿಂಗೆ ಕೇಳಿಸ್ತಿದೆ ಅಂತ ಗೊತ್ತು. ಪಕ್ಕಕ್ಕೆ ಸರಿ! ದೇವರಾಣೆ, ಪಕ್ಕಕ್ಕೆ ಸರಿ!"

ರೇಡಿಯೋ ಚರಚರ ಎಂದಿತು.

"ಕಾಣ್ತಿದೆ," ಡೆಲ್ಲಾ ಅಂದಳು. "ನನ್ನ ಮುಂದೇನೇ ಹೋಗ್ತಿದೆ. ಹೋಗ್ತಾ ಇರ್ಲಿ, ಅದರ ಹಿಂದೆ ಇಳಿಸ್ಬಹುದು, ಜಾಗ ಇದೆ..."

ಟಕ್. ಟಕ್. ಟಕ್.

ಆಮೇಲೆ ಅವಳ ಉಸಿರು ಒಳಗೆ ಸೆಳೆದುಕೊಂಡದ್ದು ಕೇಳಿಸಿತು.

"ಅಪ್ಪಾ, ಅವನು ಬೇಕಂತಲೇ ತಿರುಗಿಸಿ ನಿಲ್ಲಿಸ್ಬಿಟ್ಟ. ಟ್ರಕ್ಕು ದಾರಿಗೆ ಅಡ್ಡ ನಿಂತಿದೆ."

ಎರಡೂ ಸುಳ್ಳು ಎಂಜಿನ್ನು ಒಟ್ಟಿಗೇ ಚೂರಾಗಿ ನದಿ ಸೇರಲೆಂದು, ಫೀನಾಳಿಗೆ ಹೊಳೆಯಿತು.

ಮೇಲೆ ಮಂಜಿನೊಳಗೆ ಎಂಜಿನ್ನು ಒಮ್ಮೆ ದಡಬಡಿಸಿತು. ಆಮೇಲೆ ಎಂಜಿನ್ನಿನ ಸದ್ದೇ ಇಲ್ಲ.